ಡಿಸ್ಕಸ್ ಮೀನೂ ನಮ್ಮ ಗಡಸು ನೀರೂ

ನೀರು ಗಡಸೋ ಮೆದುವೋ ಎಂದು ತಿಳಿಯುವುದಕ್ಕೆ ನಮ್ಮ ಬಯಲುಸೀಮೆಯ ಮನೆಗಳಲ್ಲಿ ಪ್ರಯೋಗಶಾಲೆ ಬೇಕಾಗಿಲ್ಲ. ತೊಗರಿಬೇಳೆ ಹೊತ್ತಿಗೆ ಸರಿಯಾಗಿ ಬೇಯದೆ ಹೋದರೆ, ಸಾಬೂನಿನಲ್ಲಿ ನೊರೆ ಏಳದಿದ್ದರೆ, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟಿದರೆ, ಅದು ಗಡಸು ನೀರೆಂದು ಮನೆಯ ಹಿರಿಯರು ಹೇಳಿಬಿಡುತ್ತಾರೆ. ಆ ನೀರಿನೊಡನೆ ಹೊಂದಿಕೊಂಡು ಬಾಳುವುದನ್ನೂ ನಾವು ಕಲಿತಿದ್ದೇವೆ. ಆದರೆ ಅದೇ ನೀರನ್ನು ಗಾಜಿನ ತೊಟ್ಟಿಗೆ ತುಂಬಿ, ಅದರಲ್ಲಿ ಗಿಡಗಳನ್ನು ನೆಟ್ಟು, ದಕ್ಷಿಣ ಅಮೆರಿಕದ ಡಿಸ್ಕಸ್ ಮೀನುಗಳನ್ನು ಬಿಟ್ಟರೆ ಏನಾಗುತ್ತದೆಂಬುದು ಬೇರೆಯ ಮಾತು.

ನಮ್ಮ ಕಾಲೇಜಿನ ಸ್ನೇಹಿತರಲ್ಲಿಯೂ ಅಧ್ಯಾಪಕರಲ್ಲಿಯೂ ಮೀನು ಸಾಕುವ ಹವ್ಯಾಸವುಳ್ಳವರು ಕೆಲವರಿದ್ದಾರೆ. ಅವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ನೀರನ್ನು ಮೆದುಮಾಡುವುದು ಹೇಗೆ? ಇದಕ್ಕೆ ಉತ್ತರ ಹೇಳುವ ಮೊದಲು ಎಷ್ಟು ಮೆದುಮಾಡಬೇಕು, ಯಾರಿಗಾಗಿ ಮೆದುಮಾಡಬೇಕು ಎಂದು ಕೇಳಿಕೊಳ್ಳುವುದು ಅಗತ್ಯವೆಂದು ನನ್ನ ಅಭಿಪ್ರಾಯ. ನಾನು ಭೂಗೋಳಶಾಸ್ತ್ರದ ವಿದ್ಯಾರ್ಥಿ. ರಸಾಯನಶಾಸ್ತ್ರವನ್ನು ಹೈಸ್ಕೂಲಿನಲ್ಲಿಯೇ ಬಿಟ್ಟುಬಂದವನು. ಆದುದರಿಂದ ನದಿಯಿಂದಲೇ ಆರಂಭಿಸುತ್ತೇನೆ.

ಡಿಸ್ಕಸ್ ಅಮೆಜಾನ್ ನದಿಯ ಕೊಳ್ಳದ ಮೀನು. ದೇಹವು ಎರಡು ಮಗ್ಗುಲಿನಿಂದಲೂ ಅದುಮಿದಂತೆ ಚಪ್ಪಟೆಯಾಗಿ, ತಟ್ಟೆಯಂತೆ ದುಂಡಗೆ ಇರುವುದರಿಂದ ಅದಕ್ಕೆ ಈ ಹೆಸರು. ವಿಯೆನ್ನಾದ ವಿದ್ವಾಂಸ ಯೋಹಾನ್ ಯಾಕೊಬ್ ಹೆಕೆಲ್ ೧೮೪೦ರಲ್ಲಿ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದನು. ಯೋಹಾನ್ ನಾಟರರ್ ಎಂಬ ಸಂಶೋಧಕ ಸಂಚಾರಿಯು ರಿಯೊ ನೀಗ್ರೊ ನದಿಯ ಕಡೆಯಿಂದ ಸಂಗ್ರಹಿಸಿದ ಮಾದರಿಗಳು ಅವನ ಮುಂದಿದ್ದವು. ಈ ಮೀನಿನ ಒಂದು ವೈಶಿಷ್ಟ್ಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಮೊಟ್ಟೆಯೊಡೆದು ಈಜಲು ಕಲಿತ ಮರಿಗಳು ತಾಯಿತಂದೆಗಳ ಮೈಗೆ ಅಂಟಿಕೊಂಡು, ಅವುಗಳ ಚರ್ಮದ ಮೇಲೆ ಸ್ರವಿಸುವ ಲೋಳೆಯನ್ನೇ ಮೊದಲ ಆಹಾರವಾಗಿ ತಿನ್ನುತ್ತವೆ. ಒಂದು ಸಾಕೆನಿಸಿದಾಗ ಮರಿಗಳನ್ನು ಇನ್ನೊಂದರ ಮೈಗೆ ದಾಟಿಸಿ ಸರಿದುಕೊಳ್ಳುವುದೂ ಉಂಟು. ಹಾಲೂಡುವ ಪ್ರಾಣಿಗಳ ವಾತ್ಸಲ್ಯವನ್ನು ನೆನಪಿಗೆ ತರುವ ಈ ನೋಟಕ್ಕಾಗಿಯೇ ಎಷ್ಟೋ ಜನ ಡಿಸ್ಕಸ್ ಸಾಕುತ್ತಾರೆ.

ರಿಯೊ ನೀಗ್ರೊ ಎಂದರೆ ಕಪ್ಪು ನದಿ. ಹೆಸರಿಗೆ ತಕ್ಕಂತೆ ಅದರ ನೀರು ಹಾಲು ಬೆರೆಸದ ಚಹಾದ ಬಣ್ಣದ್ದು. ಅದು ಹರಿದುಬರುವ ಪ್ರದೇಶ ಬಹು ಪ್ರಾಚೀನವಾದ ಶಿಲೆಗಳದು. ಲಕ್ಷಾಂತರ ವರ್ಷಗಳ ಮಳೆಯಲ್ಲಿ ಕರಗುವುದೆಲ್ಲ ಕರಗಿಹೋಗಿ ಅಲ್ಲಿ ಉಳಿದಿರುವುದು ಬಹುಮಟ್ಟಿಗೆ ಮರಳು. ಸುಣ್ಣದ ಅಂಶ ಆ ನೀರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಾಡಿನ ಎಲೆಗಳು ಕೊಳೆತು ಬಿಡುವ ಆಮ್ಲಗಳನ್ನು ತಡೆಯುವವರು ಯಾರೂ ಇಲ್ಲವಾದ್ದರಿಂದ ನೀರಿನ ಪಿ.ಎಚ್. ೪-೫ರ ಸುಮಾರಿಗೆ ಇಳಿದಿರುತ್ತದೆ. ಆಂಡೀಸ್ ಪರ್ವತಗಳಿಂದ ಮಣ್ಣು ಸುಣ್ಣಗಳನ್ನು ಹೊತ್ತು ತರುವ ಸೊಲಿಮೋಯಿಸ್ ನದಿ ಇದಕ್ಕೆ ವಿರುದ್ಧ. ಕೆನೆಗಟ್ಟಿದಂತೆ ಮಬ್ಬು, ಪಿ.ಎಚ್. ೭ರ ಹತ್ತಿರ. ಇವೆರಡೂ ಮನೌಸ್ ನಗರದ ಬಳಿ ಕೂಡಿದ ಮೇಲೂ ಕೆಲವು ಕಿಲೋಮೀಟರು ದೂರ ಬೆರೆಯದೆ ಪಕ್ಕಪಕ್ಕದಲ್ಲಿ ಹರಿಯುತ್ತವೆ. ಹೆಕೆಲ್ ವರ್ಣಿಸಿದ ಜಾತಿ ಕಪ್ಪುನೀರಿಗೆ ಹೆಚ್ಚು ಒಗ್ಗಿದ್ದು. ಹಸಿರು, ಕಂದು, ನೀಲಿ ಎಂದು ಕರೆಯುವ ಬೇರೆ ಬಗೆಗಳು ಅಷ್ಟು ಹುಳಿಯಲ್ಲದ ನೀರಿನಲ್ಲಿಯೂ ಸಿಕ್ಕುತ್ತವೆ.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಕಪ್ಪುನೀರಿನ ತಳದಲ್ಲಿ ಗಿಡಗಳು ಬೆಳೆಯುವುದು ಅಪರೂಪ. ಬಣ್ಣಗಟ್ಟಿದ ನೀರಿನಲ್ಲಿ ಬೆಳಕು ಕೆಳಗಿಳಿಯುವುದಿಲ್ಲ. ಗಿಡಕ್ಕೆ ಬೇಕಾದ ಲವಣಗಳೂ ಇಲ್ಲ. ಮೀನುಗಳು ಅಲ್ಲಿ ಆಸರೆ ಪಡೆಯುವುದು ಮುಳುಗಿದ ಕೊಂಬೆ ಬೇರುಗಳ ಮರೆಯಲ್ಲಿ. ಹಚ್ಚಹಸಿರು ಗಿಡಗಳ ನಡುವೆ ಡಿಸ್ಕಸ್ ಈಜುವ ಚಿತ್ರ ನಮ್ಮ ತೊಟ್ಟಿಗಳಲ್ಲಿ ಕಾಣುವುದೇ ಹೊರತು ರಿಯೊ ನೀಗ್ರೊದಲ್ಲಿ ಅಲ್ಲ. ಒಂದೇ ನೀರಿನಲ್ಲಿ ಎರಡು ಬಗೆಯ ಜೀವಿಗಳನ್ನು ಬಾಳಿಸಲು ಹೊರಟವರು ನಾವು. ಆದ್ದರಿಂದ ರಿಯೊ ನೀಗ್ರೊವನ್ನು ಹಾಗೆಯೇ ನಕಲು ಮಾಡಹೊರಟರೆ ಗಿಡ ಸಾಯುತ್ತದೆ. ಗಿಡಕ್ಕೆಂದು ಕೊಳವೆಬಾವಿಯ ನೀರನ್ನೇ ಬಿಟ್ಟರೆ ಮೀನು ಬಳಲುತ್ತದೆ.

ಗಡಸುತನವೆಂದರೇನು? ಮಳೆಯ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲವಾಗುತ್ತದೆ. ಆ ನೀರು ಕಲ್ಲನ್ನು ನಿಧಾನವಾಗಿ ತಿಂದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ನೀರು ಬಹುಕಾಲ ನಿಲ್ಲುತ್ತದೆ. ಮಳೆ ಕಡಿಮೆ, ಆವಿಯಾಗುವುದು ಹೆಚ್ಚು. ಆದುದರಿಂದಲೇ ನಮ್ಮ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಧಾರಾಳವಾಗಿ ಮಳೆ ಬೀಳುವ ಕರಾವಳಿಯಲ್ಲಿ, ಜಂಬಿಟ್ಟಿಗೆ ಕಲ್ಲಿನಲ್ಲಿ ತೋಡಿದ ಬಾವಿಗಳ ನೀರು ಹೆಚ್ಚಾಗಿ ಮೆದು, ಕೊಂಚ ಹುಳಿ. ಅಂಥ ಬಾವಿಯುಳ್ಳ ಮಂಗಳೂರಿನ ಕಡೆಯ ಸ್ನೇಹಿತರು ಈ ಲೇಖನವನ್ನು ಓದದೆ ಬಿಟ್ಟರೂ ಅಡ್ಡಿಯಿಲ್ಲ.

ಗಡಸುತನವನ್ನು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್ ಎಂದು ಹೇಳುವುದು ವಾಡಿಕೆ. ಮೀನು ಸಾಕುವವರು ಜರ್ಮನ್ ಡಿಗ್ರಿಯನ್ನು ಬಳಸುತ್ತಾರೆ. ಒಂದು ಡಿಗ್ರಿ ಎಂದರೆ ಸುಮಾರು ೧೭.೮ ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ೨೦೧೨ರಲ್ಲಿ ಗೊತ್ತುಮಾಡಿದ ಮಿತಿ ೨೦೦ ಮಿಲಿಗ್ರಾಂ. ಬೇರೆ ನೀರು ಸಿಕ್ಕದ ಕಡೆ ೬೦೦ರವರೆಗೆ ಒಪ್ಪಬಹುದೆಂದಿದೆ. ನಮ್ಮ ಮನೆಯ ಕೊಳವೆಬಾವಿಯ ನೀರನ್ನು ನೆರೆಯ ವಿಜ್ಞಾನ ಕಾಲೇಜಿನ ಮಿತ್ರರೊಬ್ಬರು ಪರೀಕ್ಷಿಸಿಕೊಟ್ಟರು. ಬ್ಯೂರೆಟ್ಟಿನಿಂದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಿದ್ದಂತೆ ದ್ರಾಕ್ಷಾರಸದ ಕೆಂಪಿನಲ್ಲಿದ್ದ ನೀರು ತಟ್ಟನೆ ನೀಲಿಗೆ ತಿರುಗಿತು. ಲೆಕ್ಕ ಹಾಕಿದಾಗ ೪೩೦ ಮಿಲಿಗ್ರಾಂ, ಅಂದರೆ ೨೪ ಡಿಗ್ರಿ. ಇದು ಒಟ್ಟು ಗಡಸುತನ. ಇದರ ಜೊತೆಗೆ ಇನ್ನೊಂದು ಅಳತೆಯೂ ಬೇಕು: ಬೈಕಾರ್ಬನೇಟುಗಳ ಅಳತೆ. ಇದು ೩೨೦ ಮಿಲಿಗ್ರಾಂ, ಅಂದರೆ ೧೮ ಡಿಗ್ರಿ ಬಂತು. ಪಿ.ಎಚ್. ಅನ್ನು ಅಲುಗದಂತೆ ಹಿಡಿದಿಡುವುದು ಈ ಎರಡನೆಯದು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಮೀನು ಸಾಕುವವರ ಅರ್ಧದಷ್ಟು ತೊಂದರೆಗಳು ಹುಟ್ಟುತ್ತವೆಂದು ನಾನು ಹೇಳಬಲ್ಲೆ.

ಬ್ಯೂರೆಟ್ ಇಲ್ಲದವರು ಅಂಗಡಿಯಲ್ಲಿ ಸಿಕ್ಕುವ ಹನಿ ಎಣಿಸುವ ಪರೀಕ್ಷಾ ದ್ರಾವಣಗಳನ್ನು ಬಳಸಬಹುದು. ಬರಿಯ ಟಿ.ಡಿ.ಎಸ್. ಮಾಪಕವೊಂದನ್ನೇ ನಂಬುವುದು ಸರಿಯಲ್ಲ. ಅದು ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜನ್ನು ಹೇಳುತ್ತದೆಯೇ ವಿನಾ ಯಾವುದು ಸುಣ್ಣ, ಯಾವುದು ಅಡಿಗೆಯ ಉಪ್ಪು ಎಂದು ಹೇಳಲಾರದು.

ಮೀನಿಗೇಕೆ ಈ ಗೊಡವೆ? ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಹೆಚ್ಚು ಉಪ್ಪಾದುದು. ನೀರು ಕಿವಿರುಗಳ ಮೂಲಕ ಸದಾ ಒಳನುಗ್ಗುತ್ತಿರುತ್ತದೆ, ಲವಣಗಳು ಹೊರಸೋರುತ್ತಿರುತ್ತವೆ. ಮೂತ್ರಪಿಂಡಗಳು ಹೆಚ್ಚಿನ ನೀರನ್ನು ಹೊರಹಾಕಬೇಕು, ಕಿವಿರುಗಳು ಸೋರಿದ ಲವಣಗಳನ್ನು ನೀರಿನಿಂದ ಮತ್ತೆ ಹೆಕ್ಕಿಕೊಳ್ಳಬೇಕು. ಈ ದುಡಿಮೆ ಒಂದು ಕ್ಷಣವೂ ನಿಲ್ಲುವಂತಿಲ್ಲ. ಒಂದು ಬಗೆಯ ನೀರಿಗೆ ಹೊಂದಿಕೊಂಡ ಮೀನನ್ನು ಥಟ್ಟನೆ ಇನ್ನೊಂದಕ್ಕೆ ಹಾಕಿದರೆ ಈ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ಆದರೆ ಇಂದು ನಮ್ಮ ಅಂಗಡಿಗಳಿಗೆ ಬರುವ ಡಿಸ್ಕಸ್ ಮೀನುಗಳಲ್ಲಿ ಬಹುಪಾಲು ಕಾಡಿನವಲ್ಲ. ತೊಟ್ಟಿಗಳಲ್ಲಿ ಹಲವು ತಲೆಮಾರುಗಳಿಂದ ಬೆಳೆದುಬಂದವು. ಇವು ೧೦-೧೨ ಡಿಗ್ರಿಯ ನೀರಿನಲ್ಲಿಯೂ ನೆಮ್ಮದಿಯಾಗಿರುವುದುಂಟು. ಮೊಟ್ಟೆಯಿಡಿಸಿ ಮರಿ ಮಾಡಿಸಬೇಕೆಂಬ ಆಸೆಯಿದ್ದರೆ ಮಾತ್ರ ಬಹು ಮೆದುವಾದ ನೀರು ಬೇಕು. ಆದುದರಿಂದ ಮೀನು ಕೊಳ್ಳುವಾಗ ಮಾರುವವರ ತೊಟ್ಟಿಯ ನೀರನ್ನೂ ಒಂದು ಸೀಸೆಯಲ್ಲಿ ಕೇಳಿ ತಂದು ಅಳೆಯುವುದು ಜಾಣತನ.

ಗಿಡಗಳ ಪಕ್ಷವನ್ನೂ ಕೇಳಬೇಕು. ಎಲೆಯ ಪತ್ರಹರಿತ್ತಿನ ನಡುವೆ ಕುಳಿತಿರುವುದು ಮೆಗ್ನೀಸಿಯಂ. ಜೀವಕೋಶದ ಗೋಡೆಗೆ ಬಲ ಕೊಡುವುದು ಕ್ಯಾಲ್ಸಿಯಂ. ಇವೆರಡೂ ಇಲ್ಲದ ನೀರಿನಲ್ಲಿ ಹೊಸ ಎಲೆಗಳು ಸೊಟ್ಟಗಾಗುತ್ತವೆ, ಹಳೆಯ ಎಲೆಗಳು ಹಳದಿಯಾಗುತ್ತವೆ. ನಮ್ಮ ಕೆರೆಗಳ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮುಂತಾದವು ಇನ್ನೂ ಮುಂದೆ ಹೋಗಿ ಬೈಕಾರ್ಬನೇಟಿನಿಂದಲೇ ಇಂಗಾಲವನ್ನು ಪಡೆಯಬಲ್ಲವು. ಗಡಸು ನೀರಿನಲ್ಲಿ ಅವುಗಳ ಎಲೆಯ ಮೇಲೆ ಸುಣ್ಣದ ಪದರ ಕಟ್ಟುವುದನ್ನು ಕೈಯಲ್ಲಿ ಸವರಿ ತಿಳಿಯಬಹುದು. ಡಿಸ್ಕಸ್ ಬಯಸುವ ೨೮ರಿಂದ ೩೦ ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ತಡೆದುಕೊಳ್ಳುವ ಗಿಡಗಳು ಎಲ್ಲವೂ ಅಲ್ಲ. ಅಮೆಜಾನ್ ಸ್ವೋರ್ಡ್, ಅನುಬಿಯಾಸ್, ಜಾವಾ ಫರ್ನ್, ಕೆಲವು ಕ್ರಿಪ್ಟೊಕೊರೈನ್‌ಗಳು ತಡೆದಾವು. ಇವುಗಳಿಗೂ ಮೀನಿಗೂ ಒಪ್ಪಿಗೆಯಾಗುವ ನೀರು ನನ್ನ ಅನುಭವದಲ್ಲಿ ಒಟ್ಟು ಗಡಸುತನ ೪ರಿಂದ ೬ ಡಿಗ್ರಿ, ಬೈಕಾರ್ಬನೇಟ್ ೩ರಿಂದ ೪ ಡಿಗ್ರಿ ಇರುವಂಥದು.

ಇನ್ನು ಮೆದುಮಾಡುವ ಉಪಾಯಗಳು. ಕುದಿಸಿದರೆ ಬೈಕಾರ್ಬನೇಟು ಒಡೆದು ಸುಣ್ಣ ತಳಕ್ಕೆ ಕೂರುತ್ತದೆ. ಹಂಡೆಯ ಹಕ್ಕಳೆ ಅದೇ. ಆದರೆ ಸಲ್ಫೇಟು ಕ್ಲೋರೈಡುಗಳಾಗಿರುವ ಗಡಸುತನ ಕುದಿತಕ್ಕೆ ಬಗ್ಗುವುದಿಲ್ಲ. ಅಲ್ಲದೆ ವಾರಕ್ಕೆ ನೂರು ಲೀಟರು ಕುದಿಸುವ ಸೌದೆಯನ್ನೋ ಗ್ಯಾಸನ್ನೋ ಯಾರು ಒದಗಿಸಬೇಕು? ಅಬರ್ಡೀನಿನ ಪ್ರೊಫೆಸರ್ ಥಾಮಸ್ ಕ್ಲಾರ್ಕ್ ೧೮೪೧ರಲ್ಲಿ ಪೇಟೆಂಟ್ ಪಡೆದ ವಿಧಾನ ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತೆ: ಸುಣ್ಣದ ತಿಳಿಯನ್ನು ಹಾಕಿ ಸುಣ್ಣವನ್ನು ಇಳಿಸುವುದು. ಊರಿಗೆ ನೀರು ಕೊಡುವವರಿಗೆ ಅದು ಸರಿ. ಮನೆಯ ತೊಟ್ಟಿಯಲ್ಲಿ ಅಳತೆ ಸ್ವಲ್ಪ ತಪ್ಪಿದರೂ ಮೀನು ಉಳಿಯುವುದಿಲ್ಲ. ಆಮ್ಲವನ್ನು ಹನಿಸುವವರೂ ಇದ್ದಾರೆ. ಅದರಿಂದ ಬೈಕಾರ್ಬನೇಟು ಕಡಿಮೆಯಾದೀತು. ಕ್ಯಾಲ್ಸಿಯಂ ಇದ್ದಲ್ಲಿಯೇ ಇರುತ್ತದೆ. ಪಿ.ಎಚ್. ಒಮ್ಮೆ ಕುಸಿದು, ಹುಟ್ಟಿದ ಇಂಗಾಲದ ಡೈ ಆಕ್ಸೈಡ್ ಹಾರಿಹೋದಂತೆ ಮತ್ತೆ ಏರುತ್ತದೆ. ಈ ಏರಿಳಿತಕ್ಕಿಂತ ಗಡಸು ನೀರೇ ಮೇಲು. ಬಾದಾಮಿ ಮರದ ಕೆಂಪಾಗಿ ಉದುರಿದ ಎಲೆಗಳನ್ನು ಒಣಗಿಸಿ ಹಾಕುವುದು ಚೆಂದದ ರೂಢಿ. ನೀರಿಗೆ ಕಪ್ಪುನದಿಯ ಬಣ್ಣವೂ ಕೆಲವು ಒಳ್ಳೆಯ ಸತ್ವಗಳೂ ಬರುತ್ತವೆ. ಆದರೆ ೨೪ ಡಿಗ್ರಿಯ ಗಡಸುತನದ ಮುಂದೆ ಎಲೆಯ ಆಟ ನಡೆಯದು.

ಮನೆಗಳಿಗೆ ಕೂರಿಸುವ ಸಾಫ್ಟ್‌ನರ್ ಯಂತ್ರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಮೋಸಹೋಗುವುದು ಇಲ್ಲಿಯೇ. ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಆರು ಡಿಸ್ಕಸ್ ಮೀನುಗಳನ್ನು ಮೂರು ವರ್ಷಗಳಿಂದ ಸಾಕಿದ್ದರು. ಅವರು ಮನೆ ಬದಲಾಯಿಸಿದರು. ಹೊಸ ಮನೆಯಲ್ಲಿ ಕೊಳವೆಬಾವಿಯ ನೀರಿಗೆ ಯಂತ್ರ ಜೋಡಿಸಿತ್ತು. ಸಾಬೂನಿನಲ್ಲಿ ಧಾರಾಳವಾಗಿ ನೊರೆ ಬರುವುದನ್ನು ಕಂಡು ಸಂತೋಷಪಟ್ಟು ತೊಟ್ಟಿಗೆ ಅದನ್ನೇ ತುಂಬಿದರು. ಹತ್ತು ದಿನಗಳಲ್ಲಿ ಮೀನುಗಳು ಮೈ ಕಪ್ಪಾಗಿ, ರೆಕ್ಕೆ ಮುದುಡಿಕೊಂಡು ಮೂಲೆ ಹಿಡಿದವು. ರೋಗವೆಂದು ಭಾವಿಸಿ ಔಷಧಿಗಳನ್ನೂ ಹಾಕಿ ನೋಡಿದ್ದರು. ನನ್ನನ್ನು ಕರೆಸಿ, “ಏನಪ್ಪಾ, ನೀರು ಮೆದುವಾಗಿದೆ ಅಂತ ಯಂತ್ರದವರು ಹೇಳ್ತಾರೆ, ಸಾಬೂನೂ ಹಾಗೇ ಹೇಳುತ್ತೆ. ಮೀನು ಮಾತ್ರ ಒಪ್ತಾ ಇಲ್ಲವಲ್ಲ!” ಎಂದರು. “ಮೇಷ್ಟ್ರೇ, ಸಾಬೂನಿಗೆ ಬೇಕಾದ ಮೆದು ಬೇರೆ, ಮೀನಿಗೆ ಬೇಕಾದ ಮೆದು ಬೇರೆ” ಎಂದು ನಾನು ನೀರನ್ನು ಅಳೆಸಿದೆ. ಗಡಸುತನ ೧ ಡಿಗ್ರಿ. ಆದರೆ ಬೈಕಾರ್ಬನೇಟ್ ೧೭ ಡಿಗ್ರಿ, ಪಿ.ಎಚ್. ೮.೨, ಕರಗಿದ ಲವಣಗಳ ಮೊತ್ತ ಯಂತ್ರಕ್ಕೆ ಹೋಗುವ ಮೊದಲು ಎಷ್ಟಿತ್ತೋ ಆಮೇಲೂ ಹೆಚ್ಚುಕಡಿಮೆ ಅಷ್ಟೇ.

ಕಾರಣವಿಷ್ಟೆ. ಆ ಯಂತ್ರದೊಳಗಿನ ರಾಳದ ಮಣಿಗಳು ಒಂದು ಕ್ಯಾಲ್ಸಿಯಂ ಅಯಾನನ್ನು ಹಿಡಿದುಕೊಂಡು ಅದರ ಬದಲಿಗೆ ಎರಡು ಸೋಡಿಯಂ ಅಯಾನುಗಳನ್ನು ಬಿಡುತ್ತವೆ. ಮಣಿಗಳು ದಣಿದಾಗ ಉಪ್ಪಿನ ನೀರಿನಿಂದ ತೊಳೆದರೆ ಮತ್ತೆ ಸಿದ್ಧ. ಹೀಗೆ ನೀರಿನಿಂದ ಏನೂ ಕಡಿಮೆಯಾಗದೆ ಒಂದರ ಸ್ಥಾನಕ್ಕೆ ಇನ್ನೊಂದು ಬರುತ್ತದೆ. ಸಾಬೂನಿಗೆ ಕ್ಯಾಲ್ಸಿಯಂ ಶತ್ರು, ಸೋಡಿಯಂ ಮಿತ್ರ. ಆದ್ದರಿಂದ ನೊರೆ ಬರುತ್ತದೆ. ಮೀನಿಗೆ ನೀರಿನ ಲವಣಭಾರವೂ ಕ್ಷಾರತೆಯೂ ಇಳಿಯಲಿಲ್ಲ; ಕಿವಿರಿನ ಪೊರೆಯಿಂದ ಲವಣ ಸೋರದಂತೆ ನೆರವಾಗುವ ಕ್ಯಾಲ್ಸಿಯಂ ಮಾತ್ರ ಒಮ್ಮೆಲೇ ಹೋಯಿತು. ಗಿಡಗಳಿಗೂ ಅದೇ ಗತಿ: ಅವರ ಸ್ವೋರ್ಡ್ ಗಿಡದ ಹೊಸ ಎಲೆಗಳು ಮುರುಟಿಕೊಂಡಿದ್ದವು. ಮೀನುಗಳ ಅಸ್ವಸ್ಥತೆಗೆ ನೀರೊಂದೇ ಕಾರಣವೆಂದು ನಾನು ಸಾಧಿಸಲಾರೆ. ಔಷಧಿಗಳೂ ತಮ್ಮ ಪಾಲನ್ನು ಸಲ್ಲಿಸಿರಬಹುದು. ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ನೀರನ್ನು ಬದಲಾಯಿಸುತ್ತ ಬಂದೆವು. ನಾಲ್ಕು ಮೀನುಗಳು ಉಳಿದವು.

ಬದಲಾಯಿಸಿದ್ದು ಆರ್.ಓ. ಯಂತ್ರದ ನೀರನ್ನು ಬೆರೆಸಿ. ಲವಣವನ್ನು ತಡೆದು ನೀರನ್ನು ಮಾತ್ರ ಬಿಡುವ ತೆಳುಪೊರೆಯನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದವರೇ ಆದ ಶ್ರೀನಿವಾಸ ಸೌರಿರಾಜನ್ ೧೯೬೦ರ ಸುಮಾರಿಗೆ ಬಳಕೆಗೆ ಬರುವಂತೆ ರೂಪಿಸಿದರು. ಈ ನೀರು ಬಹುಮಟ್ಟಿಗೆ ಬರಿದು. ಇದನ್ನೇ ನೂರಕ್ಕೆ ನೂರು ತುಂಬಬಾರದು. ತೊಟ್ಟಿಯಲ್ಲಿ ಮೀನಿನ ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಆಮ್ಲವನ್ನು ಹುಟ್ಟಿಸುತ್ತವೆ. ಅಮೋನಿಯಾ ರೂಪದ ಒಂದು ಮಿಲಿಗ್ರಾಂ ನೈಟ್ರೋಜನ್ನಿಗೆ ಸುಮಾರು ೭ ಮಿಲಿಗ್ರಾಂ ಕ್ಷಾರತೆ ವೆಚ್ಚವಾಗುತ್ತದೆ. ಹಿಡಿದಿಡುವ ಬೈಕಾರ್ಬನೇಟು ಇಲ್ಲದಿದ್ದರೆ ಒಂದು ರಾತ್ರಿಯಲ್ಲಿ ಪಿ.ಎಚ್. ಕುಸಿದುಬಿಡಬಹುದು.

ಬೆರೆಸುವ ಲೆಕ್ಕ ಹಾಲಿಗೆ ನೀರು ಸೇರಿಸುವ ಗೌಳಿಗನ ಲೆಕ್ಕದಷ್ಟೇ ಸುಲಭ. ೪೩೦ ಮಿಲಿಗ್ರಾಮಿನ ಬಾವಿಯ ನೀರು ಒಂದು ಪಾಲು, ೧೦ ಮಿಲಿಗ್ರಾಮಿನ ಆರ್.ಓ. ನೀರು ನಾಲ್ಕು ಪಾಲು ಸೇರಿಸಿ ಐದರಿಂದ ಭಾಗಿಸಿದರೆ ೯೪ ಮಿಲಿಗ್ರಾಂ, ಅಂದರೆ ೫ ಡಿಗ್ರಿಗೆ ತುಸು ಮೇಲೆ. ಬೈಕಾರ್ಬನೇಟೂ ಹಾಗೆಯೇ ೧೮ರಿಂದ ೪ ಡಿಗ್ರಿಗೆ ಇಳಿಯುತ್ತದೆ. ಗಿಡಗಳಿಗಾಗಿ ಇಂಗಾಲದ ಡೈ ಆಕ್ಸೈಡ್ ಹಾಯಿಸುವವರು ಈ ನೀರಿನಲ್ಲಿ ಪಿ.ಎಚ್. ೬.೮ರ ಹತ್ತಿರ ನಿಲ್ಲಿಸಿದರೆ ಅನಿಲ ಲೀಟರಿಗೆ ೨೦ ಮಿಲಿಗ್ರಾಮಿಗೆ ಸಮೀಪವಿರುತ್ತದೆ. ಗಿಡಕ್ಕೆ ಸಾಕು, ಮೀನಿಗೆ ಉಸಿರು ಕಟ್ಟದು. ಮೀನಿರುವ ತೊಟ್ಟಿಯನ್ನು ಗಡಸಿನಿಂದ ಮೆದುವಿಗೆ ತರುವಾಗ ದಿನಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಬದಲಾಯಿಸಬಾರದೆಂಬುದು ನಾನು ಪಾಲಿಸುವ ಕಟ್ಟು.

ಇಷ್ಟೆಲ್ಲ ಮಾಡಿಯೂ ನೀರು ಮೆಲ್ಲಮೆಲ್ಲನೆ ಗಡಸಾಗುತ್ತಿದ್ದರೆ ಎರಡು ಕಡೆ ಹುಡುಕಬೇಕು. ಮೊದಲನೆಯದು ತಳದ ಮರಳು, ಕಲ್ಲು. ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟಾಗ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ. ಕಪ್ಪೆಚಿಪ್ಪಿನ ಚೂರುಗಳಿರುವ ಮರಳು ಬೇಡವೇ ಬೇಡ. ಎರಡನೆಯದು ಆವಿ. ೩೦ ಡಿಗ್ರಿ ಶಾಖದ ತೊಟ್ಟಿಯಿಂದ ನೀರು ಹಾರಿಹೋಗುತ್ತದೆ, ಸುಣ್ಣ ಹಾರುವುದಿಲ್ಲ. ಆ ಕೊರತೆಯನ್ನು ಬಾವಿಯ ನೀರಿನಿಂದ ತುಂಬುತ್ತ ಹೋದರೆ ಪ್ರತಿ ದಿನವೂ ಸುಣ್ಣ ಸೇರುತ್ತಲೇ ಇರುತ್ತದೆ. ಆವಿಯ ಕೊರತೆಯನ್ನು ಬರಿಯ ಆರ್.ಓ. ನೀರಿನಿಂದಲೋ ಮಳೆಯ ನೀರಿನಿಂದಲೋ ತುಂಬಬೇಕು. ವಾರದ ಬದಲಾವಣೆಗೆ ಮಾತ್ರ ಬೆರಕೆಯ ನೀರು.

ಆದರೆ ಆರ್.ಓ. ಯಂತ್ರ ನನ್ನ ಮನಸ್ಸಿಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ. ನನ್ನ ಇನ್ನೂರು ಲೀಟರಿನ ತೊಟ್ಟಿಗೆ ವಾರಕ್ಕೆ ಅರ್ಧ ನೀರು ಬದಲಾಯಿಸಲು ೮೦ ಲೀಟರು ಶುದ್ಧ ನೀರು ಬೇಕು. ನಮ್ಮ ಯಂತ್ರ ಒಂದು ಲೀಟರು ಕೊಟ್ಟು ಮೂರು ಲೀಟರು ಹೊರಗೆ ಬಿಡುತ್ತದೆ; ಅಂದರೆ ವಾರಕ್ಕೆ ೨೪೦ ಲೀಟರು. ಬೇಸಗೆಯಲ್ಲಿ ಟ್ಯಾಂಕರಿಗಾಗಿ ಬಿಂದಿಗೆ ಸಾಲಿಟ್ಟು ಕಾಯುವ ಬೀದಿಯಲ್ಲಿ, ಎಂಟು ಮೀನುಗಳ ಸುಖಕ್ಕಾಗಿ ಇಷ್ಟನ್ನು ಚರಂಡಿಗೆ ಬಿಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಆ ನೀರನ್ನು ಪೀಪಾಯಿಯಲ್ಲಿ ಹಿಡಿದು ನೆಲ ಒರೆಸುವುದಕ್ಕೆ, ಬಚ್ಚಲು ಕಕ್ಕಸುಗಳಿಗೆ ಬಳಸುತ್ತೇವೆ. ಕುಂಡದ ಗಿಡಗಳಿಗೆ ಹಾಕುತ್ತ ಹೋದರೆ ಲವಣ ಮಣ್ಣಿನಲ್ಲಿ ಕೂಡುತ್ತದೆ.

ಆದುದರಿಂದಲೇ ಮಳೆಗಾಲದಲ್ಲಿ ನಾನು ಯಂತ್ರವನ್ನು ನಿಲ್ಲಿಸಿಬಿಡುತ್ತೇನೆ. ಹತ್ತು ಚದರ ಮೀಟರಿನ ಮಾಡಿನ ಮೇಲೆ ಹತ್ತು ಮಿಲಿಮೀಟರು ಮಳೆ ಬಿದ್ದರೆ ನೂರು ಲೀಟರು. ಒಂದು ಹದವಾದ ಮಳೆಯಲ್ಲಿ ಒಂದು ವಾರದ ನೀರು ಮುಗಿಯಿತು. ಮಂಗಳೂರು ಹೆಂಚಿನ ಮಾಡು ಉತ್ತಮ. ಸುಣ್ಣ ಬಳಿದ ತಾರಸಿಯೂ ಹೊಸ ಸಿಮೆಂಟೂ ಮತ್ತೆ ಗಡಸುತನವನ್ನೇ ಕೊಡುತ್ತವೆ. ಸತು ಲೇಪಿಸಿದ ತಗಡಿನ ನೀರು ಬೇಡ. ಮೆದು ನೀರಿನಲ್ಲಿ ಸತುವಿನ ವಿಷ ಮೀನಿಗೆ ಹೆಚ್ಚು ತಾಗುತ್ತದೆ. ಮೊದಲ ಒಂದೆರಡು ಮಳೆಯ ನೀರನ್ನು ಹರಿಯಬಿಟ್ಟು, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ, ಸೊಳ್ಳೆ ನುಸುಳದಂತೆ ಪೀಪಾಯಿಯ ಬಾಯಿ ಕಟ್ಟಿ ಕತ್ತಲಲ್ಲಿಡಬೇಕು. ಬೆರೆಸುವ ಲೆಕ್ಕ ಮೊದಲಿನದೇ. ನಮ್ಮ ಮನೆಯ ಆರು ಪೀಪಾಯಿಗಳು ಅಕ್ಟೋಬರಿನಲ್ಲಿ ತುಂಬಿದರೆ ಸಂಕ್ರಾಂತಿ ಕಳೆದು ಕೆಲವು ದಿನಗಳವರೆಗೆ ಬರುತ್ತವೆ. ಅಲ್ಲಿಂದ ಮುಂಗಾರಿನವರೆಗೆ ಯಂತ್ರದ ನೀರು.